ಹಳೆಯ ಟೋಪೋಶೀಟ್‌ನಲ್ಲಿ ಸರೋವರದ ದಡ ಸರಿದಿದೆ: ನೀರು ಸರಿದದ್ದೋ, ನಕ್ಷೆ ತಪ್ಪೋ?

ಪ್ರಶ್ನೆ
1950ರ ದಶಕದ 1:50,000 ಸ್ಕೇಲಿನ ಟೋಪೋಶೀಟ್ (ಭೂಲಕ್ಷಣ ನಕ್ಷೆ) ಹಾಳೆಯೊಂದನ್ನು ಸ್ಕ್ಯಾನ್ ಮಾಡಿ, ನಾಲ್ಕು ಮೂಲೆಗಳ ಅಕ್ಷಾಂಶ-ರೇಖಾಂಶ ಕೊಟ್ಟು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕೂರಿಸಿದ್ದೇನೆ. ಉಪಗ್ರಹ ಚಿತ್ರದ ಮೇಲೆ ಇಟ್ಟರೆ ನದಿ, ಸರೋವರ, ರಸ್ತೆ ಎಲ್ಲವೂ ಸುಮಾರು 200 ಮೀಟರ್ ಪೂರ್ವಕ್ಕಿವೆ. ಸರೋವರದ ಉತ್ತರ ದಡ ಮಾತ್ರ ಇನ್ನೂ ದೂರ. ನಿಜವಾಗಿ ಬದಲಾದದ್ದು ಎಷ್ಟು?

ಉತ್ತರ 1
ರಸ್ತೆಯೂ ನದಿಯ ಜೊತೆಗೇ ಸರಿದಿದೆ ಅಂದಮೇಲೆ ಅದು ಡೇಟಮ್ (ಅಕ್ಷಾಂಶ-ರೇಖಾಂಶಕ್ಕೆ ಆಧಾರವಾಗಿ ಹಿಡಿದ ಭೂಮಿಯ ಮಾದರಿ) ವ್ಯತ್ಯಾಸ. ಉಪಗ್ರಹ ಚಿತ್ರ ಬಳಸುವ ಡೇಟಮ್ ಡಬ್ಲ್ಯೂಜಿಎಸ್ 84 ಬಂದದ್ದೇ 1984ರಲ್ಲಿ. ಹಾಳೆಯ ಮೂಲೆಯಲ್ಲಿರುವ ಅಂಕಿಗಳು ಹಳೆಯ ಡೇಟಮ್‌ನವು. ಅಂಚಿನ ಟಿಪ್ಪಣಿಯಲ್ಲಿ ಅದರ ಹೆಸರಿರುತ್ತದೆ. ಮೊದಲು ಅದರಲ್ಲೇ ಕೂರಿಸಿ, ಆಮೇಲೆ ಪರಿವರ್ತಿಸಿ.

ಉತ್ತರ 2
ನಾಲ್ಕು ಮೂಲೆ ಸಾಲದು. ಗ್ರಿಡ್ ಗೆರೆಗಳು ಕೂಡುವಲ್ಲಿ, ಹಾಳೆಯ ಉದ್ದಗಲಕ್ಕೂ ಹರಡಿದಂತೆ 12ರಿಂದ 16 ಬಿಂದು ಹಿಡಿಯಿರಿ. ಕಾಗದ ತೇವಕ್ಕೆ ಹಿಗ್ಗುತ್ತದೆ, ಅದೂ ಎರಡು ದಿಕ್ಕಿಗೆ ಎರಡು ಪ್ರಮಾಣದಲ್ಲಿ. ತಂತ್ರಾಂಶದಲ್ಲಿ ನಕ್ಷೆ ಕೂರಿಸುವ ವಿಧಾನಗಳಲ್ಲಿ ಹೆಲ್ಮರ್ಟ್ ಎರಡೂ ದಿಕ್ಕಿಗೆ ಒಂದೇ ಸ್ಕೇಲ್ ಹಾಕುವುದರಿಂದ ಇಲ್ಲಿ ಹೊಂದುವುದಿಲ್ಲ. ಎರಡು ದಿಕ್ಕಿಗೆ ಬೇರೆ ಬೇರೆ ಸ್ಕೇಲ್ ಹಾಕಬಲ್ಲ ಪಾಲಿನಾಮಿಯಲ್ 1 ಸರಿ. ಥಿನ್ ಪ್ಲೇಟ್ ಸ್ಪ್ಲೈನ್ ದಯವಿಟ್ಟು ಬೇಡ. ಅದು ಪ್ರತಿ ಬಿಂದುವನ್ನೂ ಎಳೆದು ಕೂರಿಸುತ್ತದೆ, ದೋಷ ಸೊನ್ನೆಯ ಹತ್ತಿರ ಕಾಣುತ್ತದೆ, ನೀವು ತಪ್ಪಾಗಿ ಒತ್ತಿದ ಬಿಂದುವೂ ಅದರೊಳಗೆ ಅಡಗಿಬಿಡುತ್ತದೆ.

ನದಿಯ ತಿರುವನ್ನು ಬಿಂದುವಾಗಿ ಬಳಸಲೇಬೇಡಿ. ಅಳೆಯಬೇಕಾದದ್ದನ್ನೇ ಅಳತೆಗೋಲು ಮಾಡಿಕೊಂಡಂತಾಗುತ್ತದೆ. ಹಳೆಯ ಸೇತುವೆ, ರೈಲು ಹಳಿ ರಸ್ತೆಯನ್ನು ದಾಟುವ ಜಾಗ, ಇವನ್ನು ಕೊನೆಗೆ ಪರೀಕ್ಷೆಗೆಂದು ಉಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರು
ಹಾಗೇ ಮಾಡಿದೆ. ಸೇತುವೆಗಳು 20 ಮೀಟರ್ ಒಳಗೆ ಕೂತವು. ಉತ್ತರ ದಡದಲ್ಲಿ ಮಾತ್ರ ಇನ್ನೂ 140 ಮೀಟರ್ ಅಂತರ. ನಕ್ಷೆಯಲ್ಲಿ ಅಲ್ಲಿ ಜೌಗಿನ ಚಿಹ್ನೆ ಇದೆ, ದಡದ ನೀಲಿ ಗೆರೆ ತುಂಡು ತುಂಡಾಗಿದೆ.

ಉತ್ತರ 3
ಈ ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್ ಅಂದರೆ ನೆಲದಲ್ಲಿ 25 ಮೀಟರ್, ಆದ್ದರಿಂದ 20 ಮೀಟರನ್ನು ಬಿಟ್ಟುಬಿಡಿ. 140 ಮೀಟರ್ ಅಂತರ ನಿಜ, ಆದರೆ ಅದರಿಂದಲೇ ಸರೋವರ ಕುಗ್ಗಿತು ಎನ್ನಲಾಗದು. ತುಂಡು ಗೆರೆಯ ಅರ್ಥವೇ ದಡ ನಿಶ್ಚಿತವಲ್ಲ ಎಂದು. ಅಲ್ಲಿ ಕಂಟೂರ್‌ಗಳ (ಸಮಾನ ಎತ್ತರದ ಗೆರೆಗಳ) ನಡುವೆ ಎಷ್ಟು ಅಂತರವಿದೆ ನೋಡಿ: 100 ಮೀಟರಿಗೆ 1 ಮೀಟರ್ ಇಳಿಜಾರಿದ್ದರೆ, ನೀರು ಒಂದೂವರೆ ಮೀಟರ್ ಏರಿಳಿದರೆ ಸಾಕು, ದಡ 150 ಮೀಟರ್ ಆಚೀಚೆ ಆಗುತ್ತದೆ.

ಮುದ್ರಣದ ವರ್ಷವನ್ನು ನಂಬಿ ಕೂರಬೇಡಿ, ಸರ್ವೆ ನಡೆದ ವರ್ಷ ಅಂಚಿನಲ್ಲಿ ಬೇರೆಯೇ ಇರುತ್ತದೆ. ವೈಮಾನಿಕ ಚಿತ್ರದಿಂದ ಬಿಡಿಸಿದ್ದರೆ ಆ ಚಿತ್ರ ತೆಗೆದ ತಿಂಗಳನ್ನೂ ಹುಡುಕಿ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 1972ರಿಂದ ಸಿಗುತ್ತವೆ. ಒಣ ಕಾಲದ್ದು, ತುಂಬಿದ ಕಾಲದ್ದು ಎರಡನ್ನೂ ಹಲವು ವರ್ಷಗಳಿಗೆ ತೆಗೆದು ನಿಮ್ಮ ಗೆರೆಯ ಮೇಲಿಡಿ. ನಕ್ಷೆಯ ದಡ ಆ ಏರಿಳಿತದ ಒಳಗೇ ಬಿದ್ದರೆ, ನೀವು ನೋಡುತ್ತಿರುವುದು ಋತುವಿನ ವ್ಯತ್ಯಾಸ ಅಷ್ಟೆ.