ಕ್ಲೈಂಬಿಂಗ್‌ಗೆ ಕ್ರಿಯಾಟಿನ್, ಪ್ರೀವರ್ಕೌಟ್ ತಗೋಬಹುದಾ? ಜಿಮ್ಮಲ್ಲಿ ಇನ್ನೇನೋ ಮಾತ್ರೆನೂ ಹೇಳ್ತಿದಾರೆ

ಪಾಚಿಬಂಡೆ:
ಎಲ್ರಿಗೂ ನಮಸ್ಕಾರ, ನಾನು ಶಿವಮೊಗ್ಗದವ್ನು, ಡಿಗ್ರಿ ಕೊನೆ ವರ್ಷ. ನಮ್ ಕಡೆ ಜೂನ್ ಬಂತಂದ್ರೆ ಬಂಡೆ ಎಲ್ಲಾ ಪಾಚಿ ಹಿಡಿದು ಹತ್ತೋ ಮಾತೇ ಇಲ್ಲ, ಹಂಗಾಗಿ ಮಳೆಗಾಲ ಪೂರ್ತಿ ಜಿಮ್ಮಲ್ಲಿ ಪುಲ್‌ಅಪ್ಪು, ಮನೇಲಿ ಬಾಗ್ಲ ಮೇಲೆ ಬೆರಳಲ್ಲಿ ನೇತಾಡೋ ಹಲಗೆ, ಹ್ಯಾಂಗ್‌ಬೋರ್ಡು, ಅಷ್ಟೇ. ಆಮೇಲೆ ಬಾದಾಮಿಗೆ ಹೋಗೋದಿದೆ, ಬೆಂಗಳೂರಲ್ಲಿ ಕಾಂಪಿಟಿಷನ್ ಇದ್ರೆ ಹೆಸ್ರು ಕೊಡೋಣ ಅಂತಾನೂ ಇದೆ. ಜಿಮ್ ಟ್ರೈನರು ಮೊದ್ಲು ಶಕ್ತಿಗೆ ಅಂತ ಕ್ರಿಯಾಟಿನ್ ಪುಡಿ ಅಂದ್ರು, ಆಮೇಲೆ ವ್ಯಾಯಾಮಕ್ಕೆ ಮುಂಚೆ ಕುಡಿಯೋ ಪ್ರೀವರ್ಕೌಟ್ ಪುಡಿ ಅಂದ್ರು, ಈಗ 'ಕ್ಲೆನ್' ಅಂತ ಒಂದು ಮಾತ್ರೆ, ಕೊಬ್ಬು ಕರಗಿ ಮೈ ಹಗುರ ಆಗತ್ತೆ, ನಿಮ್ಮ ಆಟಕ್ಕೆ ಅದೇ ತಾನೆ ಬೇಕಾಗಿರೋದು ಅಂತಿದಾರೆ. ಬಂಡೆ ಹತ್ತೋರು, ಗೊತ್ತಿರೋರು ಯಾರಾದ್ರೂ ಹೇಳಿ, ಇದ್ರಲ್ಲಿ ಯಾವ್ದು ತಗೋಬಹುದು?

ಕೆಂಪುಕಲ್ಲು:
ತಮ್ಮಾ, ಆ ಕ್ಲೆನ್ ಮಾತ್ರ ಮುಟ್ಬೇಡ. ಅದು ಕ್ಲೆನ್‌ಬ್ಯುಟೆರಾಲ್, ವಾಡಾ ಅಂದ್ರೆ ವಿಶ್ವ ಡೋಪಿಂಗ್ ತಡೆ ಸಂಸ್ಥೆ, ಅದ್ರ ನಿಷೇಧದ ಪಟ್ಟಿಯಲ್ಲಿ ಅನಬಾಲಿಕ್ (ಮಾಂಸಖಂಡ ಬೆಳೆಸೋ ಔಷಧಿ) ಗುಂಪಲ್ಲಿದೆ, ಕಾಂಪಿಟಿಷನ್ ದಿನ ಒಂದೇ ಅಲ್ಲ ವರ್ಷಪೂರ್ತಿ ನಿಷೇಧ. ಎದೆ ಬಡ್ಕೊಳತ್ತೆ, ಕೈ ನಡುಗತ್ತೆ, ಬಂಡೆಯ ಸಣ್ಣ ಅಂಚು ಹಿಡಿಯೋ ಕೈ ನಡುಗಿದ್ರೆ ಮೈ ಹಗುರ ಆಗಿ ಏನ್ ಬಂತು? ನಮ್ಮದು ಸಣ್ಣ ಆಟ ಯಾರು ಟೆಸ್ಟ್ ಮಾಡ್ತಾರೆ ಅಂತ ಹೇಳೋರ ಮಾತೂ ಕೇಳ್ಬೇಡ, ಟೋಕಿಯೋದಿಂದ ಕ್ಲೈಂಬಿಂಗ್ ಒಲಿಂಪಿಕ್ಸಲ್ಲಿದೆ, ನಮ್ಮ ದೇಶದಲ್ಲೂ ಡೋಪಿಂಗ್ ತಡೆಯೋಕೆ 2022ರಲ್ಲಿ ಕಾನೂನೇ ಬಂತು.

ಇನ್ನೊಂದು, ನೀನು ಕೇಳಿಲ್ಲ, ಆದ್ರೂ ಕ್ಲೆನ್ ಆದ್ಮೇಲೆ ಬರೋ ಮಾತು ಸ್ಟೀರಾಯ್ಡೇ, ಅದ್ಕೆ ಈಗ್ಲೇ ಹೇಳ್ತೀನಿ. ಬಂಡೆ ಮೇಲೆ ಮೊದ್ಲು ಕೈ ಕೊಡೋದು ತೋಳಲ್ಲ, ಬೆರಳು. ಬೆರಳೊಳಗಿನ ಟೆಂಡನ್ನನ್ನ (ಮಾಂಸಖಂಡವನ್ನ ಮೂಳೆಗೆ ಜೋಡಿಸೋ ಹುರಿ) ಮೂಳೆಗೆ ಅಂಟಿಸಿ ಹಿಡಿಯೋ ಪುಲ್ಲಿ ಅನ್ನೋ ಪಟ್ಟಿಗಳಿವೆ, ಅದ್ರಲ್ಲಿ ಬುಡದ ಹತ್ರ ಇರೋ ಎ2 ಅನ್ನೋ ಪುಲ್ಲಿ ಮೇಲೆ, ಬೆರಳು ಮಡಚಿ ಸಣ್ಣ ಅಂಚು ಹಿಡಿಯೋ ಕ್ರಿಂಪ್ ಹಿಡಿತದಲ್ಲಿ ವಿಪರೀತ ಭಾರ ಬೀಳತ್ತೆ. ಮಾಂಸಖಂಡ ಕೆಲವೇ ವಾರದಲ್ಲಿ ಬೆಳೀಬಹುದು, ಟೆಂಡನ್ನಿಗೆ ರಕ್ತ ಹರಿಯೋದೇ ಕಮ್ಮಿ, ಅದು ಗಟ್ಟಿ ಆಗೋಕೆ ತಿಂಗಳುಗಟ್ಟಲೆ ಬೇಕು. ಸ್ಟೀರಾಯ್ಡ್ ತಗೊಂಡ್ರೆ ಈ ಅಂತರ ಇನ್ನೂ ದೊಡ್ಡದಾಗತ್ತೆ, ಎಳೆಯೋ ಶಕ್ತಿ ಬಂದಿರತ್ತೆ ತಡ್ಕೊಳೋ ಬೆರಳು ಇರಲ್ಲ, ಸ್ಟೀರಾಯ್ಡ್ ತಗೊಳೋರಲ್ಲಿ ಟೆಂಡನ್ ಹರಿಯೋದು ಡಾಕ್ಟ್ರುಗಳಿಗೆ ಗೊತ್ತಿರೋ ವಿಷ್ಯನೇ. ನಂಗೆ ರೂಲ್‌ಗಿಂತ ಇದೇ ದೊಡ್ಡ ಕಾರಣ.

ತುಂಗಾತೀರದ ಮೆಡಿಕಲ್:
ತೀರ್ಥಹಳ್ಳಿ ಹತ್ರ ಮೆಡಿಕಲ್ ಶಾಪ್ ನಮ್ದು. ಕ್ರಿಯಾಟಿನ್ ನಿಷೇಧ ಇಲ್ಲ, ಮಾಂಸ ಮೀನಲ್ಲಿ ಇರೋದೇ ಅದು, ದಿನಕ್ಕೆ 3ರಿಂದ 5 ಗ್ರಾಂ ಸಾಕು, ಕಿಡ್ನಿ ತೊಂದ್ರೆ ಇದ್ರೆ ಡಾಕ್ಟ್ರನ್ನ ಕೇಳದೆ ಬೇಡ. ಆದ್ರೆ ಶುರುನಲ್ಲಿ ಮಾಂಸಖಂಡದಲ್ಲಿ ನೀರು ನಿಂತು ತೂಕ ಒಂದೆರಡು ಕೆಜಿ ಏರಬಹುದು, ಅದನ್ನ ಗೋಡೆ ಮೇಲೆ ಹೊತ್ಕೊಂಡು ಹೋಗ್ಬೇಕಾದೋರು ನೀವೇ ಅಲ್ವಾ, ಯೋಚ್ನೆ ಮಾಡಿ.

ಪ್ರೀವರ್ಕೌಟಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಕೆಫೀನು. ಕೆಫೀನನ್ನ ನಿಷೇಧದ ಪಟ್ಟಿಯಿಂದ 2004ರಲ್ಲೇ ತೆಗೆದಿದಾರೆ, ಮಲ್ನಾಡಲ್ಲಿ ಇದ್ಕೊಂಡು ಅದಕ್ಕೆ ಸಾವಿರಾರು ರೂಪಾಯಿ ಡಬ್ಬ ಯಾಕೆ, ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡೀರಿ ಮಾರಾಯ್ರೆ. ಕೆಲವು ಡಬ್ಬದಲ್ಲಿ ಮೀಥೈಲ್‌ಹೆಕ್ಸೇನಮೀನ್, ಹೈಜೆನಮೀನ್ ಅನ್ನೋ ನಿಷೇಧದ ಪಟ್ಟಿಲಿರೋ ವಸ್ತು ಸೇರಿರತ್ತೆ, ಲೇಬಲ್ ಮೇಲೆ ಯಾವ್ದೋ ಗಿಡದ ಹೆಸ್ರಲ್ಲೂ ಬರ್ದಿರ್ತಾರೆ. 2010ರ ದೆಹಲಿ ಕಾಮನ್‌ವೆಲ್ತ್‌ಗೆ ಮುಂಚೆ ನಮ್ಮೋರು ಹಲವರು ಸಿಕ್ಕಿಬಿದ್ದಿದ್ದು ಈ ಮೀಥೈಲ್‌ಹೆಕ್ಸೇನಮೀನ್‌ಗೇ.

ಪಾಚಿಬಂಡೆ:
ಥ್ಯಾಂಕ್ಸ್ ಅಣ್ಣ, ಥ್ಯಾಂಕ್ಸ್ ಸರ್. ಕ್ಲೆನ್ ಬೇಡ ಅಂತ ಇವತ್ತೇ ಹೇಳ್ತೀನಿ. ಗಿಡಮೂಲಿಕೆದು ಆದ್ರೆ ಪರ್ವಾಗಿಲ್ವಾ, ಶಿಲಾಜಿತ್, ಜಿನ್ಸೆಂಗ್ ಥರದ್ದು?

ಘಟ್ಟದಕೆಳಗೆ:
ಜಿನ್ಸೆಂಗ್ ಅಂದ್ಕೂಡ್ಲೆ ನಂಗೆ ನಮ್ಮ ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ ನೆನಪಾಗ್ತಾರೆ. 2010ರಲ್ಲಿ ಕಾಮನ್‌ವೆಲ್ತ್ ರಿಲೇ ಚಿನ್ನ, ಅದೇ ವರ್ಷ ಏಷ್ಯನ್ ಗೇಮ್ಸಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ಊರೆಲ್ಲಾ ಕುಣಿದಾಡಿತ್ತು. 2011ರಲ್ಲಿ ಸ್ಟೀರಾಯ್ಡ್ ಪಾಸಿಟಿವ್ ಬಂತು. ಕೋಚ್ ಕೊಟ್ಟ ಜಿನ್ಸೆಂಗಲ್ಲಿ ಕಲಬೆರಕೆ ಆಗಿತ್ತು ಅಂತ ಅವರೂ ಜೊತೆಗೆ ಸಿಕ್ಕಿಬಿದ್ದ ಓಟಗಾರ್ತಿಯರೂ ವಾದ ಮಾಡಿದ್ರು, ಇಲ್ಲಿ ಒಂದು ವರ್ಷ ನಿಷೇಧ ಹಾಕಿದ್ರು, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನ ಎರಡು ವರ್ಷಕ್ಕೆ ಏರಿಸ್ತು, ಲಂಡನ್ ಒಲಿಂಪಿಕ್ಸ್ ಹೋಯ್ತು. ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ಯಾರೇ ಕೊಟ್ಟಿರ್ಲಿ, ಮೂತ್ರದಲ್ಲಿ ಸಿಕ್ತು ಅಂದ್ರೆ ಹೊಣೆ ಆಟಗಾರಂದೇ, ಇದು ನಿಯಮ.

ಹಾಗಾಗಿ ಗಿಡಮೂಲಿಕೆ ಅಂದ್ಮಾತ್ರಕ್ಕೆ ಧೈರ್ಯ ಬೇಡ. ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇದ್ರೆ ಡೋಪ್ ಟೆಸ್ಟ್ ಆಗಿದೆ ಅಂತ ಅರ್ಥ ಅಲ್ಲ. ತಗೊಳ್ಳೇಬೇಕು ಅಂದ್ರೆ ಬ್ಯಾಚ್ ಬ್ಯಾಚ್ ಪರೀಕ್ಷೆ ಮಾಡಿಸಿರೋ, ಇನ್‌ಫಾರ್ಮ್ಡ್ ಸ್ಪೋರ್ಟ್ ಗುರುತಿರೋ ಡಬ್ಬ ನೋಡಿ, ಬಿಲ್ಲು ಮತ್ತೆ ಬ್ಯಾಚ್ ನಂಬರ್ ಫೋಟೋ ಇಟ್ಕೊಳ್ಳಿ. ಅದೂ ಅಪಾಯ ಕಮ್ಮಿ ಮಾಡತ್ತೆ ಅಷ್ಟೇ.

ಕೆಂಪುಕಲ್ಲು:
ಘಟ್ಟದಕೆಳಗೆ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಬಿಟ್ಹೋಗಿತ್ತು, ತೂಕ ಇಳಿಸೋಕೆ ನೀರಿನ ಮಾತ್ರೆ ಅಂತ, ಮೂತ್ರ ಜಾಸ್ತಿ ಮಾಡಿಸೋ ಲ್ಯಾಸಿಕ್ಸ್ ಕೊಡೋರಿದಾರೆ, ಅದೂ ಪಟ್ಟಿಲಿದೆ. ಹಿಮಾಲಯ ಟ್ರೆಕ್ಕಿಗೆ ಹೋಗೋರು ಎತ್ತರದ ತೊಂದ್ರೆಗೆ ತಗೊಳೋ ಡಯಾಮಾಕ್ಸ್ ಕೂಡ ಅದೇ ಗುಂಪು, ಟ್ರೆಕ್ಕಿಗೆ ಯಾರೂ ಕೇಳಲ್ಲ, ಆದ್ರೆ ಕಾಂಪಿಟಿಷನ್ ಆಡೋನಾದ್ರೆ ಮೊದ್ಲೇ ಡಾಕ್ಟ್ರ ಕಾಗದ ಇಟ್ಟು ಅನುಮತಿ ತಗೋಬೇಕು. ಊಟ ಬಿಟ್ಟೂ ತೂಕ ಇಳಿಸ್ಬೇಡ, ಮೂಳೆ ಸೊರಗತ್ತೆ. ಮೊಟ್ಟೆ ತಿಂತೀಯಾ ಇಲ್ವಾ ಹೇಳು, ಅದ್ರ ಮೇಲೆ ದಿನದ ಪ್ರೋಟೀನ್ ಲೆಕ್ಕ ಹಾಕಿ ಕೊಡ್ತೀನಿ.