ರೂಟ್ ಕೆನಾಲ್ ಆದ ಕಡೆಯೇ ಸೈನಸ್: ಸಿಟಿ ಸ್ಕ್ಯಾನ್‌ನಲ್ಲಿ ಬಿಳಿ ಚುಕ್ಕೆ, ಫಂಗಸ್ ಇರಬಹುದೇ?

ಪ್ರಶ್ನೆ (ಬಿಡಿಎಸ್ ಇಂಟರ್ನ್)
ರೋಗಿಯೊಬ್ಬರ ಎಡಗಡೆ ಮೇಲಿನ ಮೊದಲ ದವಡೆಹಲ್ಲಿಗೆ ರೂಟ್ ಕೆನಾಲ್ ಆಗಿ ಕೆಲವು ವರ್ಷ ಆಗಿದೆ. ಹಲ್ಲು ನೋಯುತ್ತಿಲ್ಲ, ತಟ್ಟಿದರೂ ನೋವಿಲ್ಲ. ಆದರೆ ಎಡ ಮೂಗಿನಿಂದ ಮಾತ್ರ ನಾರುವ ಸಿಂಬಳ, ಕೆನ್ನೆ ಭಾರ. ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತಿಲ್ಲ. ಸಿಟಿಯಲ್ಲಿ ಎಡ ಮ್ಯಾಕ್ಸಿಲರಿ ಸೈನಸ್ (ಕೆನ್ನೆಯ ಮೂಳೆಯೊಳಗಿನ ಗಾಳಿಗೂಡು) ತುಂಬಿದೆ, ನಡುವೆ ಲೋಹದಂತೆ ಬಿಳಿ ಚುಕ್ಕೆ. ಶುಗರ್ ಇಲ್ಲ. ಹಲ್ಲು ಕೀಳಿಸಬೇಕೇ? ಫಂಗಸ್‌ಗೆ ಕೊಡುವ ವೊರಿಕೊನಜೋಲ್ ಮಾತ್ರೆ ಬೇಕೇ?

ಉತ್ತರ 1 (ಎಂಡೊಡಾಂಟಿಸ್ಟ್, ಅಂದರೆ ರೂಟ್ ಕೆನಾಲ್ ತಜ್ಞರು)
ಫಂಗಲ್ ಬಾಲ್ (ಸೈನಸ್‌ನೊಳಗೆ ಫಂಗಸ್ ಕಟ್ಟಿದ ಉಂಡೆ) ಎಂದೇ ಮೊದಲು ಯೋಚಿಸಿ. ಸಾಮಾನ್ಯವಾಗಿ ಆಸ್ಪರ್ಜಿಲಸ್ ಫ್ಯುಮಿಗೇಟಸ್. ಬೇರಿನ ತುದಿ ದಾಟಿ ಸೈನಸ್‌ಗೆ ಹೋದ ಸೀಲರ್‌ನಲ್ಲಿ (ಕೆನಾಲ್ ಮುಚ್ಚುವ ಅಂಟಿನಲ್ಲಿ) ಜಿಂಕ್ ಆಕ್ಸೈಡ್ ಇದ್ದರೆ, ಆ ಸತುವೇ ಫಂಗಸ್ ಬೆಳೆಯಲು ನೆರವಾಗುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಕೆನಾಲ್‌ಗೆ ತುಂಬುವ ರಬ್ಬರಿನಂಥ ಗಟ್ಟಾಪರ್ಚಾದಲ್ಲೂ ದೊಡ್ಡ ಪಾಲು ಜಿಂಕ್ ಆಕ್ಸೈಡೇ. ಹಾಗೆಂದು ಬಿಳಿ ಚುಕ್ಕೆಯೆಲ್ಲ ಸೀಲರ್ ಅಲ್ಲ. ಫಂಗಸ್ ಉಂಡೆಯೊಳಗೆ ಕ್ಯಾಲ್ಸಿಯಂ ಕೂತರೂ ಹಾಗೇ ಕಾಣುತ್ತದೆ. ಸಿಬಿಸಿಟಿ (ಹಲ್ಲು-ದವಡೆಯ 3ಡಿ ಸ್ಕ್ಯಾನ್) ಮಾಡಿಸಿ, ಬೇರಿನ ತುದಿಯಲ್ಲಿ ಸೋಂಕು ಸೂಚಿಸುವ ಕಪ್ಪು ನೆರಳಿದೆಯೇ, ಸುಲಭಕ್ಕೆ ಕಣ್ಣಿಗೆ ಬೀಳದ ಎಂಬಿ2 ಎಂಬ ಹೆಚ್ಚುವರಿ ಕೆನಾಲ್ ಬಿಟ್ಟುಹೋಗಿದೆಯೇ ನೋಡಿ. ಎರಡೂ ಇಲ್ಲದಿದ್ದರೆ ಹಲ್ಲು ಕೀಳುವ ಮಾತೇ ಬೇಡ. ಇದ್ದರೆ ಮೊದಲು ರೀ-ರೂಟ್ ಕೆನಾಲ್.

ತಡೆಯುವುದು ನಮ್ಮ ಕೈಯಲ್ಲೇ ಇದೆ: ಬೇರಿನ ಉದ್ದ ತಿಳಿಸುವ ಅಪೆಕ್ಸ್ ಲೊಕೇಟರ್‌ನಿಂದ ಅಳೆದು ತುದಿಗಿಂತ 0.5ರಿಂದ 1 ಮಿ.ಮೀ. ಒಳಗೇ ನಿಲ್ಲಿಸಿ. ಮೇಲಿನ ದವಡೆಹಲ್ಲಿಗೆ ಲೆಂಟ್ಯುಲೊ (ತಿರುಗುವ ಸುರುಳಿ ತಂತಿ) ಹಾಕಿ ಸೀಲರ್ ತಳ್ಳುವ ಅಭ್ಯಾಸ ಬಿಟ್ಟರೆ ಒಳ್ಳೆಯದು.

ಉತ್ತರ 2 (ಇಎನ್‌ಟಿ)
ವೊರಿಕೊನಜೋಲ್ ಬೇಡ. ಉಂಡೆಗೆ ರಕ್ತ ಸಂಚಾರವಿಲ್ಲ, ಮಾತ್ರೆ ಅಲ್ಲಿಗೆ ತಲುಪುವುದೇ ಇಲ್ಲ. ಎಂಡೊಸ್ಕೋಪಿಯಲ್ಲಿ ಮಿಡಲ್ ಮಿಯೇಟಸ್ (ಮೂಗಿನೊಳಗೆ ಸೈನಸ್ ತೆರೆದುಕೊಳ್ಳುವ ಜಾಗ) ಮೂಲಕ ಸೈನಸ್ ಬಾಯಿ ಅಗಲಿಸಿ, ಜೇಡಿಯಂಥ ಆ ಗಡ್ಡೆಯನ್ನೂ ಸೀಲರ್ ಚೂರನ್ನೂ ಪೂರ್ತಿ ತೆಗೆದು ಸಲೈನ್‌ನಲ್ಲಿ ತೊಳೆಯಬೇಕು. ಮೂಲೆಯಲ್ಲಿ ಉಳಿದರೆ ಮರುಕಳಿಸುತ್ತದೆ. ಓರೆಯಾಗಿ ನೋಡುವ 70 ಡಿಗ್ರಿ ಸ್ಕೋಪ್‌ನಿಂದ ಮುಂಭಾಗ, ತಳ ನೋಡಿ. ಗಡ್ಡೆಯ ಜೊತೆ ಲೋಳೆಪೊರೆಯನ್ನೂ ಬಯಾಪ್ಸಿಗೆ ಕಳಿಸಿ. ಕಲ್ಚರ್ (ಫಂಗಸ್ ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್ ಬಂದರೂ ಫಂಗಸ್ ಅಲ್ಲ ಎಂದುಕೊಳ್ಳಬೇಡಿ, ಹಾಗೆ ಬರುವುದು ಮಾಮೂಲು. ಮನೆಯಲ್ಲಿ ಮೂಗು ತೊಳೆಯಲು ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು.

ಉತ್ತರ 3 (ಓರಲ್ ಸರ್ಜನ್)
ಮೇಲಿನದೆಲ್ಲ ಫಂಗಸ್ ಪೊರೆಯೊಳಗೆ ನುಗ್ಗದಿದ್ದಾಗ ಮಾತ್ರ. ಶುಗರ್ ಇಲ್ಲ ಎಂಬ ಬಾಯಿಮಾತು ಸಾಲದು, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ಸ್ಟೀರಾಯ್ಡ್ ತಗೊಂಡಿದ್ದಾರಾ ಕೇಳಿ. ಕೆನ್ನೆ ಜೋಮು, ಬಾಯಿಯ ಅಂಗುಳ ಕಪ್ಪಾಗುವುದು, ಹಲ್ಲುಗಳು ಒಟ್ಟಿಗೆ ಅಲ್ಲಾಡುವುದು, ಕಣ್ಣು ಊದುವುದು, ವಸ್ತು ಎರಡಾಗಿ ಕಾಣುವುದು: ಇದರಲ್ಲಿ ಒಂದಿದ್ದರೂ ಮ್ಯೂಕರ್ (ಬ್ಲ್ಯಾಕ್ ಫಂಗಸ್) ಎಂದೇ ಹಿಡಿದು ಅವತ್ತೇ ಅಡ್ಮಿಟ್ ಮಾಡಿಸಿ. ಅಲ್ಲಿ ಆಂಫೊಟೆರಿಸಿನ್ ಬಿ ಬೇಕು, ವೊರಿಕೊನಜೋಲ್ ಮ್ಯೂಕರ್ ಮೇಲೆ ಕೆಲಸವನ್ನೇ ಮಾಡುವುದಿಲ್ಲ.