ಓವನ್‌ನಲ್ಲಿ ಪೋರ್ಕ್ ರಿಬ್ಸ್ ಮೆತ್ತಗೆ ಆಗಬೇಕಂದ್ರೆ ಏನು ಮಾಡಬೇಕು? ಮಾಡಿ ಗೊತ್ತಿರುವವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಓಹಾಯೋದಲ್ಲಿ. ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಇದ್ದಿಲು ಹಚ್ಚುವ ಹಾಗಿಲ್ಲ, ಇರುವುದು ಅಡುಗೆಮನೆಯ ಓವನ್ ಒಂದೇ. ಹೋದ ಶನಿವಾರ ಮೊದಲ ಸಲ ಪೋರ್ಕ್ ರಿಬ್ಸ್ ತಂದೆ. ಬಾರ್ಬೆಕ್ಯೂ ಸಾಸ್ ಸವರಿ 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ ಇಟ್ಟೆ. ಸಾಸ್ ಸೀದು ಕಹಿಯಾಯಿತು. ಒಳಗೆ ಮಾಂಸ ಬೆಂದಿತ್ತು, ಆದರೆ ಎಳೆದರೆ ರಬ್ಬರ್ ಥರ. ಮಗ ಎರಡು ಸಲ ಕಚ್ಚಿ ತಟ್ಟೆಯಲ್ಲೇ ಬಿಟ್ಟ. ಮುಂದಿನ ತಿಂಗಳು ಅಣ್ಣ, ಅತ್ತಿಗೆ ಬರುತ್ತಿದ್ದಾರೆ. ಅಣ್ಣನಿಗೆ ರಿಬ್ಸ್ ಅಂದರೆ ಪಂಚಪ್ರಾಣ. ಮೊದಲು ಕುಕ್ಕರ್‌ನಲ್ಲಿ ಕೂಗಿಸಿಕೊಳ್ಳಬೇಕಾ? ವಿನಿಗರ್‌ನಲ್ಲಿ ನೆನೆಹಾಕಬೇಕಾ? ಎಲ್ಲಿ ತಪ್ಪಿದ್ದೇನೆ ಅಂತ ದಯವಿಟ್ಟು ಹೇಳಿ.

ಕಾನ್ಸಾಸ್ ಸಿಟಿಯಿಂದ

ಮೇಡಂ, ಬಿಸಿ ಜಾಸ್ತಿ ಆಯ್ತು, ಹೊತ್ತು ಸಾಲಲಿಲ್ಲ. ಅಷ್ಟೇ ಆಗಿರುವುದು. ನಾನು ಈ ಊರಿಗೆ ಬಂದು 18 ವರ್ಷ. ಇಲ್ಲಿ ರಿಬ್ಸ್ ಅಂದರೆ ನಮ್ಮ ಕಡೆ ಬಿರಿಯಾನಿ ಇದ್ದ ಹಾಗೆ, ಮನೆಗೊಂದು ಲೆಕ್ಕ. ಮೊದಲ ಎರಡು ವರ್ಷ ನಾನೂ ಗಡಿಯಾರ ನೋಡಿಕೊಂಡೇ ಬೇಯಿಸುತ್ತಿದ್ದೆ. ಒಂದು ಸಲ ಚೆನ್ನಾಗಿ ಬರುತ್ತಿತ್ತು, ಇನ್ನೊಂದು ಸಲ ಗಟ್ಟಿ. ಮಾಂಸವನ್ನೇ ನೋಡಿಕೊಂಡು ಇಳಿಸಲು ಶುರುಮಾಡಿದ ಮೇಲೆ ಸರಿಹೋಯಿತು.

ಕಾಲು ಸೂಪ್ ನೆನಪು ಮಾಡಿಕೊಳ್ಳಿ. ಜೋರು ಉರಿಯಲ್ಲಿ ಅರ್ಧ ಗಂಟೆ ಕುದಿಸಿದರೆ ಕಾಲು ಬಿಡುವುದಿಲ್ಲ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ನಾರೆಲ್ಲ ಕರಗಿ, ಬೆರಳಿಗೆ ಅಂಟುವ ರಸ ಆಗುತ್ತದೆ. ರಿಬ್ಸ್‌ನಲ್ಲೂ ಅದೇ ನಾರು ತುಂಬಿದೆ. ಕೊಲಾಜನ್ ಅಂತ ಅದರ ಹೆಸರು. ಅದು ಕರಗಲು ಶುರುವಾಗುವುದೇ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅದೂ ನಿಧಾನಕ್ಕೆ. ಇಲ್ಲಿನ ಸರ್ಕಾರದ ಕೃಷಿ ಇಲಾಖೆ ಇಡೀ ತುಂಡಿನ ಪೋರ್ಕ್‌ಗೆ 63 ಡಿಗ್ರಿ ಸೆಲ್ಸಿಯಸ್, ಆಮೇಲೆ ಮೂರು ನಿಮಿಷ ಬಿಡಿ ಅನ್ನುತ್ತದೆ. ತಿಂದರೆ ತೊಂದರೆ ಇಲ್ಲ ಅನ್ನುವುದಕ್ಕೆ ಅಷ್ಟು ಸಾಕು. ಮೆತ್ತಗಾಗಲು ರಿಬ್ಸ್ ಒಳಗೆ 90ರಿಂದ 95 ಡಿಗ್ರಿ ಮುಟ್ಟಬೇಕು, ಅಲ್ಲಿಗೆ ಆತುರವಿಲ್ಲದೆ ಏರಬೇಕು. ನಿಮ್ಮ ಮಾಂಸ ಬೆಂದಿತ್ತು, ನಾರು ಕರಗಿರಲಿಲ್ಲ.

ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ. ಬೇಬಿ ಬ್ಯಾಕ್ ಅನ್ನುವುದು ಬೆನ್ನುಮೂಳೆ ಹತ್ತಿರದ್ದು. ಚಿಕ್ಕದು, ಬಾಗಿರುತ್ತದೆ, ಕೊಬ್ಬು ಕಡಿಮೆ, ಬೇಗ ಆಗುತ್ತದೆ. ಸ್ಪೇರ್ ರಿಬ್ಸ್ ಹೊಟ್ಟೆ ಕಡೆಯದು, ಕೊಬ್ಬು ಜಾಸ್ತಿ. ಅದರ ತುದಿಯ ಮೆದು ಮೂಳೆಯನ್ನೆಲ್ಲ ಕತ್ತರಿಸಿ ಚೌಕವಾಗಿ ಮಾಡಿದರೆ ಸೇಂಟ್ ಲೂಯಿಸ್ ಕಟ್. ಹೊಸಬರಿಗೆ ನಾನು ಹೇಳುವುದು ಸೇಂಟ್ ಲೂಯಿಸ್. ಹತ್ತು ನಿಮಿಷ ಹೆಚ್ಚುಕಡಿಮೆ ಆದರೂ ಅದರ ಕೊಬ್ಬು ಕಾಪಾಡುತ್ತದೆ.

ಈಗ ಎಲ್ಲರೂ ಬಿಟ್ಟುಬಿಡುವ ಕೆಲಸ. ಮೂಳೆ ಬದಿ ಮೇಲೆ ಬರುವ ಹಾಗೆ ಮಗುಚಿ. ತೆಳುವಾಗಿ ಹೊಳೆಯುವ ಪೊರೆ ಕಾಣುತ್ತದೆ. ಅದು ಎಷ್ಟು ಹೊತ್ತು ಬೆಂದರೂ ಕರಗುವುದಿಲ್ಲ, ಹಲ್ಲಿಗೆ ಪ್ಲಾಸ್ಟಿಕ್ ಹಾಳೆ ಸಿಕ್ಕ ಹಾಗಾಗುತ್ತದೆ. ತುದಿಯಿಂದ ಎರಡನೇ ಮೂಳೆಯ ಮೇಲೆ, ಬೆಣ್ಣೆ ಸವರುವ ಮೊಂಡು ಚಾಕುವನ್ನು ಪೊರೆಯ ಕೆಳಗೆ ತೂರಿಸಿ ಮೆಲ್ಲಗೆ ಎತ್ತಿ. ಬೆರಳು ಹೋಗುವಷ್ಟು ಸಂದಾದ ಮೇಲೆ ಪೇಪರ್ ಟವೆಲ್‌ನಿಂದ ಹಿಡಿದು ಎಳೆಯಿರಿ. ಬರಿಗೈಯಲ್ಲಿ ಜಾರುತ್ತದೆ. ಸರಿಯಾಗಿ ಹಿಡಿತ ಸಿಕ್ಕರೆ ಪರಪರ ಅಂತ ಒಂದೇ ಹಾಳೆಯಾಗಿ ಕಿತ್ತು ಬರುತ್ತದೆ. ಹರಿದರೆ ಉಳಿದ ಕಡೆಯಿಂದ ಮತ್ತೆ ಶುರುಮಾಡಿ.

ಮಸಾಲೆಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಿಲೋಗೆ ಒಂದು ಟೀ ಚಮಚ ಉಪ್ಪು, ಎರಡು ಚಮಚ ಕಂದು ಸಕ್ಕರೆ, ಎರಡು ಚಮಚ ಪ್ಯಾಪ್ರಿಕಾ, ಒಂದೊಂದು ಚಮಚ ಮೆಣಸಿನ ಪುಡಿ ಮತ್ತು ಬೆಳ್ಳುಳ್ಳಿ ಪುಡಿ, ಅರ್ಧ ಚಮಚ ಜೀರಿಗೆ ಪುಡಿ. ಮೆಣಸು ಅಂದರೆ ಕಾಳುಮೆಣಸು. ಪ್ಯಾಪ್ರಿಕಾ ಇಲ್ಲದಿದ್ದರೆ ಬ್ಯಾಡಗಿ ಪುಡಿ ಹಾಕಿ, ಬಣ್ಣ ಬರುತ್ತದೆ, ಖಾರ ಮಿತವಾಗಿರುತ್ತದೆ. ಹಿಂದಿನ ರಾತ್ರಿಯೇ ಹಚ್ಚಿ ಫ್ರಿಜ್‌ನಲ್ಲಿಟ್ಟರೆ ಉಪ್ಪು ಒಳಗಿಳಿಯುತ್ತದೆ.

ಓವನ್ 275 ಫ್ಯಾರನ್‌ಹೀಟ್, ಅಂದರೆ 135 ಸೆಲ್ಸಿಯಸ್. ಟ್ರೇ ಮೇಲೆ ತಂತಿಯ ಜಾಲರಿ, ಅದರ ಮೇಲೆ ರಿಬ್ಸ್, ಮೂಳೆ ಬದಿ ಕೆಳಗೆ. ಒಂದೂವರೆ ಗಂಟೆ ಹಾಗೇ ಬಿಡಿ, ಮೇಲ್ಮೈ ಒಣಗಿ ಕಂದು ಬಣ್ಣ ಕಟ್ಟಲಿ. ಆಮೇಲೆ ಎರಡು ಪದರ ಫಾಯಿಲ್ ಹಾಸಿ, ಮಾಂಸದ ಬದಿ ಕೆಳಗೆ ಮಾಡಿ, ಮೂರು ಚಮಚ ಸೇಬಿನ ರಸ ಅಥವಾ ನೀರು ಹಾಕಿ, ಗಾಳಿ ಆಡದ ಹಾಗೆ ಸುತ್ತಿ. ಒಂದೇ ಪದರವಾದರೆ ಮೂಳೆ ಚುಚ್ಚಿ ರಸವೆಲ್ಲ ಸೋರುತ್ತದೆ. ಇನ್ನೂ ಒಂದರಿಂದ ಒಂದೂವರೆ ಗಂಟೆ. ಬಿಚ್ಚಿ, ಸಾಸ್ ಸವರಿ, ಕೊನೆಯ 15-20 ನಿಮಿಷ ತೆರೆದೇ ಇಡಿ. ಸಾಸ್‌ನಲ್ಲಿ ಸಕ್ಕರೆ ಇರುವುದರಿಂದ ಮೊದಲೇ ಹಚ್ಚಿದರೆ ನಿಮಗಾದ ಹಾಗೇ ಆಗುವುದು.

ಇಷ್ಟು ಹೊತ್ತು ಅಂತ ಹೇಳಿದೆ, ಆದರೆ ಅದನ್ನು ನಂಬಿ ಇಳಿಸಬೇಡಿ. ಚಿಮಟದಿಂದ ಒಂದು ತುದಿಯ ಮೂರ್ನಾಲ್ಕು ಮೂಳೆ ಹಿಡಿದು ಎತ್ತಿ, ಮೆಲ್ಲಗೆ ಕುಲುಕಿ. ಇನ್ನೊಂದು ತುದಿ ಸಡಿಲವಾಗಿ ಜೋತು, ಬಾಗಿದ ಜಾಗದಲ್ಲಿ ಮಾಂಸದ ಮೇಲ್ಮೈ ಬಿರುಕು ಬಿಟ್ಟರೆ ಆಯಿತು. ಹಲಗೆ ಥರ ನೇರ ನಿಂತರೆ ಮತ್ತೆ ಸುತ್ತಿ 20 ನಿಮಿಷ ಇಡಿ. ಮೂಳೆ ತುದಿಯಿಂದ ಮಾಂಸ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಹಿಂದೆ ಸರಿದಿರುವುದೂ ಒಂದು ಗುರುತು. ಎರಡು ಮೂಳೆ ನಡುವೆ ಟೂತ್‌ಪಿಕ್ ಚುಚ್ಚಿ ನೋಡಿ, ಇಡ್ಲಿಗೆ ಚುಚ್ಚಿದ ಹಾಗೆ ಸಲೀಸಾಗಿ ಹೋಗಬೇಕು.

ಇಂಟರ್ನೆಟ್‌ನಲ್ಲಿ 3-2-1 ಅಂತ ಒಂದು ಲೆಕ್ಕ ಓಡಾಡುತ್ತದೆ. ಮೂರು ಗಂಟೆ ಹೊಗೆ, ಎರಡು ಗಂಟೆ ಫಾಯಿಲ್, ಒಂದು ಗಂಟೆ ಸಾಸ್. ಅದು 225 ಫ್ಯಾರನ್‌ಹೀಟ್‌ನಲ್ಲಿ ದೊಡ್ಡ ಸ್ಪೇರ್ ರಿಬ್ಸ್‌ಗೆ ಸರಿ. ಬೇಬಿ ಬ್ಯಾಕ್‌ಗೆ ಹಾಗೆ ಮಾಡಿದರೆ ಕಲಸಿದ ಹಿಟ್ಟಿನ ಹಾಗಾಗುತ್ತದೆ. ಇಲ್ಲಿನ ಸ್ಪರ್ಧೆಗಳಲ್ಲಿ ಮೂಳೆಯಿಂದ ತಾನಾಗಿ ಉದುರುವ ರಿಬ್ಸ್ ಅನ್ನು ಅತಿಯಾಗಿ ಬೆಂದದ್ದು ಅಂತಲೇ ಎಣಿಸುತ್ತಾರೆ. ಕಚ್ಚಿದ ಕಡೆಯಷ್ಟೇ ಬಿಟ್ಟು ಬಂದು, ಹಲ್ಲಿನ ಗುರುತು ಉಳಿಯಬೇಕು. ಮನೆಗೆ ಆ ಕಟ್ಟುನಿಟ್ಟು ಬೇಡ. ನನ್ನ ಹೆಂಡತಿಗೆ ಉದುರುವಂಥದ್ದೇ ಇಷ್ಟ, ಅವಳಿಗಾಗಿ ಅರ್ಧ ಗಂಟೆ ಜಾಸ್ತಿ ಇಡುತ್ತೇನೆ.

ಹೊಗೆ ವಾಸನೆ ಬೇಕಂದರೆ ಸ್ಮೋಕ್ಡ್ ಪ್ಯಾಪ್ರಿಕಾ ಹಾಕಿ, ಇಲ್ಲವೇ ಸಾಸ್‌ಗೆ ಎರಡೇ ಹನಿ ಲಿಕ್ವಿಡ್ ಸ್ಮೋಕ್. ಅದು ಸುಮ್ನೆ ಬಣ್ಣದ ನೀರು ಅಂತ ಎಷ್ಟೋ ಜನ ತಿಳಿದಿದ್ದಾರೆ. ನಿಜವಾಗಿ ಅದು ಕಟ್ಟಿಗೆಯ ಹೊಗೆಯನ್ನು ತಣಿಸಿ ಹಿಡಿದದ್ದು. 1895ರಲ್ಲಿ ಅರ್ನೆಸ್ಟ್ ರೈಟ್ ಅನ್ನುವ ಔಷಧಿ ಅಂಗಡಿಯವರು ಅದನ್ನು ಮಾರಲು ಶುರುಮಾಡಿದ್ದು ನಮ್ಮ ಈ ಊರಲ್ಲೇ. ನಾಲ್ಕು ಹನಿ ಹಾಕಿದರೆ ಒಲೆ ಊದಿದ ಹಾಗಾಗುತ್ತದೆ, ಜೋಪಾನ.

ಬೆಂಗಳೂರಿನಿಂದ

ಅಕ್ಕ, ಕುಕ್ಕರ್ ಬಗ್ಗೆ ಕೇಳಿದ್ದಿರಲ್ಲ, ನಾನು ಎರಡು ಥರವೂ ಮಾಡಿದ್ದೇನೆ. ನೀರಲ್ಲಿ ಮುಳುಗಿಸಿ ನಾಲ್ಕು ವಿಷಲ್ ಕೂಗಿಸಿದೆ. ಮೆತ್ತಗೇನೋ ಆಯ್ತು. ಆದರೆ ರುಚಿಯೆಲ್ಲ ನೀರಿಗೆ ಇಳಿದಿತ್ತು, ಮೇಲೆ ಸಾಸ್ ಹಚ್ಚಿದರೂ ಒಳಗೆ ಸಪ್ಪೆ. ಇನ್ನೊಂದು ಸಲ ತಳದಲ್ಲಿ ಎರಡು ಲೋಟ ನೀರು ಹಾಕಿ, ಇಡ್ಲಿ ಸ್ಟ್ಯಾಂಡಿನ ತಟ್ಟೆ ಮೇಲೆ ಮಸಾಲೆ ಹಚ್ಚಿದ ತುಂಡುಗಳನ್ನು ನೀರಿಗೆ ತಾಗದ ಹಾಗೆ ಇಟ್ಟೆ. ಒಂದು ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ. ಪ್ರೆಷರ್ ತಾನಾಗಿ ಇಳಿದ ಮೇಲೆ ತೆಗೆದು, ಸಾಸ್ ಸವರಿ ಓವನ್ನಿನ ಮೇಲಿನ ರಾಡ್ ಹತ್ತಿರ ಐದು ನಿಮಿಷ. ಇದು ಪರವಾಗಿಲ್ಲ. ಆದರೂ ಕಾನ್ಸಾಸ್ ಸಿಟಿಯವರು ಹೇಳಿದ ಹಾಗೆ ಓವನ್‌ನಲ್ಲಿ ಮೂರು ಗಂಟೆ ಬೆಂದದ್ದರ ಕಂದು ಪದರ ಇದರಲ್ಲಿ ಬರುವುದಿಲ್ಲ. ನೆಂಟರು ಬಾಗಿಲಲ್ಲಿ ನಿಂತಿದ್ದಾರೆ ಅಂದಾಗ ಮಾತ್ರ ಕುಕ್ಕರ್.

ಇಲ್ಲಿಂದ ಓದುತ್ತಿರುವವರಿಗೆ ಎರಡು ಮಾತು. ಪೋರ್ಕ್ ಅಂಗಡಿಯಲ್ಲಿ ಪಕ್ಕೆಲುಬು ಅಂದ ಕೂಡಲೇ ಸಾರಿಗೆ ಅಂತ ಕೊಚ್ಚಿಬಿಡುತ್ತಾರೆ. "ತುಂಡು ಮಾಡಬೇಡಿ, ಇಡೀ ಪಟ್ಟಿ ಕೊಡಿ" ಅಂತ ತೂಕಕ್ಕೆ ಹಾಕುವ ಮೊದಲೇ ಹೇಳಿ. ಆಮೇಲೆ ನಮ್ಮ ಚಿಕ್ಕ ಓಟಿಜಿ ಓವನ್ನಿನ ಗುಂಡಿ ಹೇಳುವ ಬಿಸಿಯೇ ಬೇರೆ, ಒಳಗಿರುವುದೇ ಬೇರೆ. ಒಳಗಿಡುವ ಥರ್ಮಾಮೀಟರ್ ತಂದು ನೋಡಿದರೆ ನನ್ನದು 130ಕ್ಕೆ ಇಟ್ಟಾಗ 155 ತೋರಿಸಿತು. ಎರಡು ವರ್ಷ ನನ್ನ ರಿಬ್ಸ್ ಯಾಕೆ ಒಣಗುತ್ತಿತ್ತು ಅಂತ ಅವತ್ತು ಗೊತ್ತಾಯ್ತು. ಪಟ್ಟಿಯನ್ನು ಎರಡಾಗಿ ಕತ್ತರಿಸಿದರೆ ಟ್ರೇನಲ್ಲಿ ಹಿಡಿಸುತ್ತದೆ. ಸಾಸ್‌ಗೆ ಮೊಲಾಸಸ್ ಬೇಕು ಅಂತ ಇರುತ್ತಲ್ಲ, ಅದಕ್ಕೆ ಜೋನಿ ಬೆಲ್ಲ ಹಾಕಿ. ಒಂದು ಲೋಟ ಟೊಮೇಟೊ ಕೆಚಪ್, ಕಾಲು ಲೋಟ ಜೋನಿ ಬೆಲ್ಲ, ಕಾಲು ಲೋಟ ವಿನಿಗರ್, ಸ್ವಲ್ಪ ಬೆಳ್ಳುಳ್ಳಿ ಮತ್ತು ಕಾಳುಮೆಣಸು. ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿದರೆ ಸಾಕು.

ಕ್ಯಾಲಿಫೋರ್ನಿಯಾದಿಂದ, ಊರು ವಿರಾಜಪೇಟೆ

ವಿನಿಗರ್‌ನಲ್ಲಿ ರಾತ್ರಿಯೆಲ್ಲ ನೆನೆಹಾಕಬೇಡಮ್ಮ. ಹುಳಿ ಒಳಗೆ ಇಳಿಯುವುದೇ ಇಲ್ಲ. ಮೇಲಿನ ಪದರವಷ್ಟೇ ಬಿಳುಚಿಕೊಂಡು ಹಿಟ್ಟು ಹಿಟ್ಟಾಗುತ್ತದೆ, ನಾರು ಹಾಗೇ ಉಳಿಯುತ್ತದೆ. ನಮ್ಮ ಕೊಡಗಿನ ಪಂದಿ ಕರಿಗೂ, ಅಂದರೆ ಹಂದಿ ಮಾಂಸದ ಪಲ್ಯಕ್ಕೂ, ಕಾಚಂಪುಳಿಯನ್ನು (ಹಣ್ಣಿನ ರಸ ಕುದಿಸಿ ಮಾಡುವ ನಮ್ಮ ಕಡೆಯ ಕಪ್ಪು ಹುಳಿ) ಮಾಂಸ ಬೆಂದ ಮೇಲೆಯೇ ಹಾಕುವುದು.

ನಾನು ರಿಬ್ಸ್‌ಗೆ ಮಾಡುವುದೂ ಹಾಗೇ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ನಾಲ್ಕು ಕಾಳು ಮೆಂತ್ಯ, ಬೇರೆ ಬೇರೆಯಾಗಿ ಕಪ್ಪಾಗುವ ಹೊಸ್ತಿಲವರೆಗೆ ಹುರಿದು ಪುಡಿ ಮಾಡುತ್ತೇನೆ. ಸೀದ ವಾಸನೆ ಬರುವ ಮೊದಲೇ ಬಾಣಲೆಯಿಂದ ತೆಗೆದುಬಿಡಬೇಕು. ಅದನ್ನು ಉಪ್ಪಿನ ಜೊತೆ ತಿಕ್ಕಿ, ಉಳಿದದ್ದೆಲ್ಲ ಮೇಲೆ ಅವರು ಹೇಳಿದ ಹಾಗೆ. ಫಾಯಿಲ್ ಬಿಚ್ಚಿದಾಗ ಅಡಿಯಲ್ಲಿ ರಸ ನಿಂತಿರುತ್ತದಲ್ಲ, ಅದನ್ನು ಚೆಲ್ಲಬೇಡ. ಬಾಣಲೆಗೆ ಸುರಿದು, ಒಂದು ಚಮಚ ಬೆಲ್ಲ, ಒಂದು ಟೀ ಚಮಚ ಕಾಚಂಪುಳಿ ಹಾಕಿ ಗಟ್ಟಿಯಾಗುವ ತನಕ ಕುದಿಸು. ಕಪ್ಪಗೆ, ಮಿರಮಿರ ಮಿಂಚುವ ಸಾಸ್ ಆಗುತ್ತದೆ. ಅದನ್ನೇ ಸವರಿ ಓವನ್‌ಗೆ ಹಾಕು. ಕಾಚಂಪುಳಿ ಬಹಳ ಹುಳಿ, ಟೀ ಚಮಚ ಮೀರಬೇಡ. ಊರಿಂದ ಬರುವಾಗ ಅಣ್ಣನಿಗೆ ಒಂದು ಚಿಕ್ಕ ಬಾಟಲಿ ತರಲು ಹೇಳು. ಜೊತೆಗೆ ಬ್ರೆಡ್‌ಗಿಂತ ಅಕ್ಕಿ ರೊಟ್ಟಿ ಚೆಂದ. ಚಿಕ್ಕವಳಿದ್ದಾಗ ಅಜ್ಜಿಯ ಮನೆಯಲ್ಲಿ ಒಲೆ ಮೇಲೆ ಮಾಂಸ ನೇತುಹಾಕಿ ಹೊಗೆಯಲ್ಲಿ ಒಣಗಿಸುತ್ತಿದ್ದರು. ಇಲ್ಲಿಯ ಹಿಕರಿ ಕಟ್ಟಿಗೆಯ ಹೊಗೆ ಮೂಗಿಗೆ ತಾಗಿದಾಗಲೆಲ್ಲ ನನಗೆ ಆ ಅಟ್ಟವೇ ನೆನಪಾಗುತ್ತದೆ.

ಕೇಳಿದವರೇ, ಹತ್ತು ದಿನದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಸೇಂಟ್ ಲೂಯಿಸ್ ಕಟ್ ತಂದು ಮಾಡಿದೆ. ಪೊರೆ ಎರಡು ಸಲ ಹರಿಯಿತು, ಮೂರನೇ ಸಲ ಪೂರ್ತಿ ಬಂತು. ಹೋದ ಸಲ ಅದರ ಮೇಲೆಯೇ ಸಾಸ್ ಬಳಿದಿದ್ದೆ ಅಂತ ಈಗ ಅರ್ಥವಾಯಿತು. ಮೂರು ಗಂಟೆಗೆ ಎತ್ತಿ ನೋಡಿದೆ, ಹಲಗೆ ಥರ ನೇರವಾಗಿಯೇ ಇತ್ತು. ಹಸಿವಾಗಿದೆ ಅಂತ ಮನೆಯವರು ಅವಸರ ಮಾಡಿದರೂ ಮತ್ತೆ ಸುತ್ತಿ ಒಳಗಿಟ್ಟೆ. ಎರಡು ಸಲ ಇಪ್ಪತ್ತಿಪ್ಪತ್ತು ನಿಮಿಷ ಆದ ಮೇಲೆ ಎತ್ತಿದಾಗ ಜೋತು ಬಿದ್ದು, ನಡುವೆ ಬಿರುಕು ಬಿಟ್ಟಿತು. ಮಗ ಊಟ ಮುಗಿದ ಮೇಲೂ ಮೂಳೆ ಚೀಪುತ್ತಾ ಕೂತಿದ್ದ. ಇನ್ನೊಂದೇ ಪ್ರಶ್ನೆ. ಅಣ್ಣನ ಫ್ಲೈಟ್ ಇಳಿಯುವುದು ಸಂಜೆ, ಏರ್‌ಪೋರ್ಟ್‌ಗೆ ನಾನೇ ಹೋಗಬೇಕು. ಹಿಂದಿನ ದಿನವೇ ಮಾಡಿಟ್ಟರೆ ಕೆಡುತ್ತದಾ?

ಕಾನ್ಸಾಸ್ ಸಿಟಿಯಿಂದ

ಕೆಡುವುದಿಲ್ಲ ಮೇಡಂ, ಆರಾಮಾಗಿ ಮಾಡಿಡಿ. ಫಾಯಿಲ್‌ನ ಹಂತದವರೆಗೆ ಹಿಂದಿನ ದಿನ ಮುಗಿಸಿ, ಸಾಸ್ ಹಚ್ಚಬೇಡಿ. ಬಿಚ್ಚಿ ಸ್ವಲ್ಪ ಆರಲು ಬಿಟ್ಟು, ಎರಡು ಗಂಟೆಯೊಳಗೆ ಅದೇ ರಸದ ಜೊತೆ ಮತ್ತೆ ಸುತ್ತಿ ಫ್ರಿಜ್‌ಗೆ ಸೇರಿಸಿ. ಮಾರನೇ ದಿನ ಏರ್‌ಪೋರ್ಟಿಂದ ಬಂದು ಓವನ್ 250 ಫ್ಯಾರನ್‌ಹೀಟ್‌ಗೆ ಹಚ್ಚಿ. ಸುತ್ತಿದ ಹಾಗೆಯೇ 40 ನಿಮಿಷ ಇಡಿ, ಒಳಗೆಲ್ಲ ಚೆನ್ನಾಗಿ ಬಿಸಿಯಾಗಬೇಕು. ಆಮೇಲೆ ಬಿಚ್ಚಿ ಸಾಸ್ ಸವರಿ, 275ಕ್ಕೆ ಏರಿಸಿ 15 ನಿಮಿಷ. ಮೈಕ್ರೊವೇವ್ ಮಾತ್ರ ಬೇಡ, ಅಂಚೆಲ್ಲ ಚರ್ಮದ ಹಾಗೆ ಗಟ್ಟಿಯಾಗುತ್ತದೆ. ಅಣ್ಣ ಸ್ನಾನ ಮಾಡಿ ಬರುವಷ್ಟರಲ್ಲಿ ಸಾಸ್ ಗುಳ್ಳೆ ಏಳುತ್ತಿರುತ್ತದೆ. ತೆಗೆದ ಕೂಡಲೇ ಕತ್ತರಿಸಬೇಡಿ, ಹತ್ತು ನಿಮಿಷ ಬಿಡಿ. ಮೂಳೆ ಬದಿ ಮೇಲೆ ಮಾಡಿಕೊಂಡು ಕತ್ತರಿಸಿ, ಚಾಕು ಎಲ್ಲಿ ಹೋಗಬೇಕು ಅಂತ ಆಗ ಕಣ್ಣಿಗೆ ಕಾಣುತ್ತದೆ.